ತಮ್ಮನ ಕಂಪ್ಯೂಟರಿನಲ್ಲಿ ಕಟ್ಟಿದ ಪ್ಯಾಕೇಜು

ನಮ್ಮ ಆಫೀಸಿನಲ್ಲಿ ಅವರನ್ನು ಎಲ್ಲರೂ ಪೊಟ್ಟಣದಕ್ಕ ಎನ್ನುತ್ತಿದ್ದೆವು. ಡೇಟಾಬೇಸ್ ತಂತ್ರಾಂಶವನ್ನು ಪ್ಯಾಕೇಜು ಮಾಡುವುದು, ಅಂದರೆ ಅದು ಓಡಲು ಬೇಕಾದ ಫೈಲುಗಳನ್ನೆಲ್ಲ ಒಂದು ಗಂಟು ಕಟ್ಟಿ ಗ್ರಾಹಕರಿಗೆ ಕಳಿಸುವುದು, ಅವರ ಕೆಲಸ. ಪ್ರೋಗ್ರಾಮ್ ಬರೆಯುವ ಭಾಷೆಗೆ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ, ಹಳೆಯದನ್ನು ಹಿಡಿದುಕೊಂಡವರು ಬಿಡುವುದಿಲ್ಲ. ಹಾಗಾಗಿ ಒಂದೇ ಬಟ್ಟೆಯಲ್ಲಿ ಮೂರು ಅಳತೆಯ ಅಂಗಿ ಹೊಲಿದಂತೆ, ಒಂದೇ ತಂತ್ರಾಂಶವನ್ನು ಮೂರು ಆವೃತ್ತಿಗೂ ಹೊಂದಿಸಿ ಕಟ್ಟಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯವರಲ್ಲ ಅಕ್ಕ. ನಾನು ಸರಿಯಿದೆ ಎಂದದ್ದನ್ನೂ ಎರಡೆರಡು ಸಲ ಪರೀಕ್ಷಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಈ ಕೆಲಸ ಮೊದಲು ಅವರ ತಮ್ಮನದು. ಅದೇ ಕುರ್ಚಿ, ಅದೇ ಕಂಪ್ಯೂಟರು. ಮೂರೂ ಆವೃತ್ತಿ ಇದ್ದದ್ದು ಅದೊಂದರಲ್ಲೇ. ಅವನು ತೀರಿಕೊಂಡು ಎರಡು ವರ್ಷವಾದರೂ ಅವನ ಒಂದು ಫೈಲನ್ನೂ ಅಕ್ಕ ಅಳಿಸಿರಲಿಲ್ಲ. ಪರೀಕ್ಷೆ ಪಾಸಾದಾಗಲೆಲ್ಲ ಪರದೆಯ ಕಡೆ ಬಾಗಿ "ಆಯ್ತು ಕಣೋ" ಎನ್ನುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ಹಾಡಹಗಲೇ ಮೈ ಜುಮ್ಮೆನ್ನುತ್ತಿತ್ತು.

ಅವತ್ತು ಬೆಳಿಗ್ಗೆ ಹೊಸ ಪ್ಯಾಕೇಜು ಹೊರಟು ಒಂದು ತಾಸಾಗುವಷ್ಟರಲ್ಲಿ, ನಮ್ಮ ತಂತ್ರಾಂಶ ಬಳಸುವ ರಕ್ತನಿಧಿಯಿಂದ ಫೋನ್ ಬಂತು. ಯಾವ ಗುಂಪಿನ ರಕ್ತ ಎಷ್ಟಿದೆ, ಎಲ್ಲಿದೆ ಎನ್ನುವ ಅವರ ಪಟ್ಟಿ ತೆರೆಯುತ್ತಲೇ ಇಲ್ಲ. ಹಳೆಯ ಪ್ಯಾಕೇಜಿಗೆ ಮರಳೋಣವೆಂದರೆ ಪಟ್ಟಿ ಆಗಲೇ ಹಳೆಯದಕ್ಕೆ ಓದಲಾಗದ ಹೊಸ ರೂಪಕ್ಕೆ ಬದಲಾಗಿಬಿಟ್ಟಿತ್ತು.

"ಒಂದೊಂದೇ ಚೀಲ ಎತ್ತಿ ನೋಡ್ತಿದೀವಿ. ಸಂಜೆ ಎರಡು ಆಪರೇಷನ್ ಇದೆ, ಬೇಗ ಏನಾದ್ರೂ ಮಾಡಿ" ಎಂದರು ಅಲ್ಲಿನ ತಂತ್ರಜ್ಞೆ.

"ಮೂರೂ ಪಾಸಾಗಿತ್ತಲ್ಲ" ಎಂದು ಅಕ್ಕ ತಮ್ಮಷ್ಟಕ್ಕೇ ಅಂದುಕೊಂಡರು.

ಅರ್ಧ ಗಂಟೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ರಕ್ತನಿಧಿಯವರು ಬಳಸುವ ಹಳೆಯ ಆವೃತ್ತಿಗೆ ಬೇಕಾದ ಒಂದು ಫೈಲನ್ನು ಅಕ್ಕ ಪ್ಯಾಕೇಜಿಗೆ ಸೇರಿಸಿಯೇ ಇರಲಿಲ್ಲ. ಪರೀಕ್ಷೆ ನಡೆದಾಗ ಕಂಪ್ಯೂಟರು ತಮ್ಮನ ಫೋಲ್ಡರಿಗೆ ಹೋಗಿ, ಅವನ ಹಳೆಯ ಫೈಲನ್ನು ತಾನೇ ಎತ್ತಿಕೊಂಡು ಪಾಸ್ ಎಂದಿತ್ತು. ಸತ್ತವನು ಅಕ್ಕನ ತಪ್ಪುಗಳನ್ನು ಮುಚ್ಚಿಹಾಕುತ್ತ ಕೂತಿದ್ದ.

"ಆ ಫೈಲನ್ನೇ ಸೇರಿಸಿ ಕಳಿಸಿಬಿಡಿ ಅಕ್ಕ" ಎಂದೆ.

"ಇನ್ನೂ ಏನೇನು ಅವನ ಹತ್ರ ಇಸ್ಕೊಂಡಿದೀನೋ ಯಾರಿಗ್ಗೊತ್ತು? ಅವನ ಫೋಲ್ಡರ್ ಇರೋವರೆಗೂ ಈ ಪರೀಕ್ಷೆ ನಿಜ ಹೇಳಲ್ಲ."

"ಹಾಗಾದ್ರೆ ಒಂದು ಪ್ರತಿ ತೆಗೆದಿಟ್ಕೊಂಡು ಅಳಿಸಿ."

"ಬೇಡ. ಇಟ್ಕೊಂಡ್ರೆ ನಾಳೆನೇ ವಾಪಸ್ ಹಾಕ್ತೀನಿ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?"

ನಾನು ಅಳಿಸಲಾ ಎಂದರೆ ಗದರಿದರು. ತಾವೇ ಅಳಿಸಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಒಬ್ಬನ ಅಷ್ಟು ವರ್ಷದ ಕೆಲಸ ಇಷ್ಟು ಬೇಗ ಹೋಗಿಬಿಡುತ್ತದಲ್ಲ ಎಂದು ನನಗೆ ಸಂಕಟವಾಯಿತು.

ಮತ್ತೆ ಪರೀಕ್ಷೆ ನಡೆಸಿದರು. ಕೆಂಪು ಸಾಲುಗಳು ಒಂದರ ಮೇಲೊಂದು ಬಂದವು. ಇಲ್ಲದ್ದು ಒಂದಲ್ಲ, ನಾಲ್ಕು ಫೈಲು. ಅಕ್ಕ ಊಟಕ್ಕೂ ಏಳದೆ ನಾಲ್ಕನ್ನೂ ಹೊಸದಾಗಿ ಬರೆದರು. ಮಧ್ಯೆ ಒಂದೆರಡು ಸಲ, ಏನೋ ಕೇಳುವವರಂತೆ ಪರದೆಯ ಕಡೆ ಬಾಗಿ, ಮತ್ತೆ ಬರೆಯತೊಡಗಿದರು. ಮೂರು ಗಂಟೆಗೆ ಪ್ಯಾಕೇಜು ಹೊರಟಿತು.

ಹತ್ತು ನಿಮಿಷಕ್ಕೆ ಫೋನ್ ಬಂತು. ಪಟ್ಟಿ ತೆರೆದಿತ್ತು, ಸಂಜೆಗೆ ಬೇಕಾದ ರಕ್ತವೂ ಸಿಕ್ಕಿತ್ತು. ಅಕ್ಕ ಫೋನಿಟ್ಟರು. ಆಮೇಲೆ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡರು.

"ಇನ್ಮೇಲೆ ನಾನು ಕಟ್ಟಿದ್ದನ್ನ ನೀನೊಂದ್ಸಲ ನೋಡು" ಎಂದರು. "ಇಲ್ಲಿ ಈಗ ನಾನೊಬ್ಬಳೇ ಇದೀನಿ."