ಪುಂಜಾಲಕಟ್ಟೆ ಮಾರ್ಗವಾಗಿ ಜಿನೀವಾ

ಜುಬೈದಕ್ಕನಿಗೆ ಆ ದಿನ ಕುರ್ಚಿ ಸಿಕ್ಕಿತ್ತೋ, ಸಭೆ ಮುಗಿಯುವ ತನಕ ಬಾಗಿಲ ಪಕ್ಕ ನಿಂತೇ ಇದ್ದರೋ ಎಂಬುದನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪಿನಲ್ಲಿ ಅವರು ನಿಂತಿದ್ದಾರೆ, ಕೈಯಲ್ಲಿ ಒಂದು ಕೊಡೆಯೂ ಇದೆ. ಆದರೆ ಅದು ಮಳೆಗಾಲವಲ್ಲ. ಬಿಸಿಲಿಗೆ ತಂದಿರಬಹುದಲ್ಲ ಎಂದು ನೀವು ನನ್ನ ನೆರವಿಗೆ ಬರಬಹುದು. ಅಥವಾ ಬೇರೆ ಯಾವುದೋ ಸಭೆಯ ಕೊಡೆಯನ್ನು ನಾನೇ ತಂದು ಅವರ ಕೈಗೆ ಕೊಟ್ಟಿರಲೂಬಹುದು. ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರ ಓದುವಾಗ ಎಲ್ಲವನ್ನೂ ಸಂಶಯಿಸಬೇಕೆಂದು ಕಲಿಸಿದ್ದರು. ನಾನು ವಿಧೇಯ ವಿದ್ಯಾರ್ಥಿ. ಕಲಿತದ್ದನ್ನು ಮೊದಲು ನನ್ನ ಮೇಲೆಯೇ ಪ್ರಯೋಗಿಸಿ, ಈಗ ಬಾಗಿಲಿಗೆ ಬೀಗ ಹಾಕಿದ್ದೇನೆಯೇ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ಮನೆಗೆ ಹಿಂತಿರುಗುವ ಹಂತ ಮುಟ್ಟಿದ್ದೇನೆ.

ಸಭೆ ನಡೆದದ್ದು ಮಾತ್ರ ನಿಜ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ನಾವು ಕೆಲವರು ಸೇರಿ ಒಂದು ಮಾನವ ಹಕ್ಕುಗಳ ವೇದಿಕೆ ಕಟ್ಟಿಕೊಂಡಿದ್ದೇವೆ. ಹೆಚ್ಚಿನವರು ನಿವೃತ್ತರು, ನಾನು ನಿವೃತ್ತನಾಗದೆಯೇ ಬಿಡುವು ಸಂಪಾದಿಸಿಕೊಂಡ ಮೂಡುಬಿದಿರೆಯ ಟ್ಯೂಷನ್ ಮಾಷ್ಟ್ರು. ನಮ್ಮ ಕಡೆ ಸಮಿತಿ ಎಂದರೆ ಎಂಥದೆಂದು ನಿಮಗೆ ಗೊತ್ತಿರಬಹುದು. ಆಮಂತ್ರಣ ಪತ್ರಿಕೆಯಲ್ಲಿ ಒಂದು ಊರಿನ ಹೆಸರು ಬಿಟ್ಟುಹೋದರೆ ಆ ಊರಿನವರು ಊಟಕ್ಕೆ ಬರುತ್ತಾರೆ, ಮಾತಿಗೆ ಬರುವುದಿಲ್ಲ. ಹಾಗಾಗಿ ನಮ್ಮಲ್ಲಿ ಎಲ್ಲವೂ ಸಮಪಾಲು: ತಾಲೂಕಿಗೊಬ್ಬ ಸಂಚಾಲಕ, ತಾಲೂಕಿಗೊಬ್ಬ ಉಪಾಧ್ಯಕ್ಷ, ಅಧ್ಯಕ್ಷಗಿರಿ ಸರದಿಯ ಮೇಲೆ. ಸಭೆ ಎಲ್ಲಿ ಸೇರುವುದೆಂಬ ಪ್ರಶ್ನೆ ಮಾತ್ರ ಬಹುಕಾಲ ಬಗೆಹರಿಯಲಿಲ್ಲ. ಬಂಟ್ವಾಳದಲ್ಲಿ ಸೇರಿದರೆ ಬೆಳ್ತಂಗಡಿಯ ಮಾನಕ್ಕೆ ಕುಂದು, ಬೆಳ್ತಂಗಡಿಯಲ್ಲಿ ಸೇರಿದರೆ ಬಂಟ್ವಾಳಕ್ಕೆ ಹೊಟ್ಟೆನೋವು, ಮೂಡುಬಿದಿರೆ ಎಂದರೆ ಇಬ್ಬರಿಗೂ ಒಟ್ಟಿಗೆ ಕೆಮ್ಮು. ಕೊನೆಗೆ ಬಂಟ್ವಾಳ–ಬೆಳ್ತಂಗಡಿ ರಸ್ತೆಯ ನಡುವಿರುವ ಪುಂಜಾಲಕಟ್ಟೆಯನ್ನು ಆರಿಸಿಕೊಂಡೆವು. ಅಲ್ಲಿ ನಮ್ಮ ಸದಸ್ಯರು ಒಬ್ಬರೂ ಇಲ್ಲ. ಎಲ್ಲರೂ ಬಸ್ಸಿಗೆ ಕಾಯಬೇಕು. ನ್ಯಾಯವೆಂದರೆ ಎಲ್ಲರೂ ಸಮನಾಗಿ ಬೆವರುವುದು ಎಂಬ ತತ್ವವನ್ನು ನಮ್ಮಷ್ಟು ನಿಷ್ಠೆಯಿಂದ ಪಾಲಿಸಿದವರು ಕಡಿಮೆ.

ಆ ದಿನದ ವಿಷಯವನ್ನು ಸೂಚಿಸಿದವನು ನಾನೇ. ಜಿನೀವಾದಲ್ಲಿ ಕೂರುವ ಅಂತರರಾಷ್ಟ್ರೀಯ ಮಾನವ ಹಕ್ಕು ಸಮಿತಿಗಳಲ್ಲಿ ಲೋಕದ ಎಲ್ಲ ಭಾಗದವರಿಗೂ ನ್ಯಾಯವಾದ ಪಾಲು ಸಿಗಬೇಕೆಂದು ಒಂದು ಮನವಿ ಕಳುಹಿಸುವುದು. ಒಂದೊಂದು ಒಪ್ಪಂದಕ್ಕೆ ಒಂದೊಂದು ಸಮಿತಿ, ಅದರಲ್ಲಿ ಆಯ್ಕೆಯಾದ ತಜ್ಞರು. ಯಾವ ದೇಶ ತನ್ನ ಜನರನ್ನು ಹೇಗೆ ನಡೆಸಿಕೊಳ್ಳುತ್ತಿದೆ ಎಂದು ಕೇಳುವವರು ಅವರು. ಆಯ್ಕೆಯ ಹೊತ್ತಿಗೆ ಭೌಗೋಳಿಕ ಸಮತೋಲವನ್ನು ಗಮನದಲ್ಲಿಡಬೇಕೆಂದು ಒಪ್ಪಂದಗಳಲ್ಲಿ ಬರೆದಿದೆ. ಗಮನದಲ್ಲಿಡುವುದು! ಪಂಕ್ತಿಯಲ್ಲಿ ಎಲೆ ಹಾಕದೆ, 'ನಿಮ್ಮ ನೆನಪು ನಮಗುಂಟು' ಎಂದು ಬಾಗಿಲಲ್ಲಿ ನಿಂತವನಿಗೆ ನಗುತ್ತಾ ಹೇಳಿದ ಹಾಗೆ. ಯಾವ ಭಾಗಕ್ಕೆ ಎಷ್ಟು ಸ್ಥಾನ ಎಂದು ನಿಗದಿ ಮಾಡೋಣ ಎಂದರೆ ಕೂಡಲೇ ಉತ್ತರ ಬರುತ್ತದೆ: ಪಾಲು ಹಂಚಲು ಹೊರಟರೆ ಪರಿಣತಿ ಕೆಡುತ್ತದಂತೆ. ಪರಿಣತಿ ಎಂಬ ಬೆಳೆ ಹಿಮ ಬೀಳುವ ಊರಿನಲ್ಲಿ ಮಾತ್ರ ಬರುತ್ತದೆ, ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕೊಳೆರೋಗ ಹಿಡಿಯುತ್ತದೆ ಎಂಬ ಹಾಗೆ! ಇದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಆ ಬಿಸಿಯನ್ನು ಸಭೆಗೆ ವರ್ಗಾಯಿಸಲು ನಾನು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಆದರೆ ಮನವಿ ಬರೆಯಲು ಒಂದು ಉಪಸಮಿತಿ ಬೇಕೆಂದಾಯಿತು, ಉಪಸಮಿತಿಗೆ ಒಬ್ಬ ಮುಖ್ಯಸ್ಥ ಬೇಕೆಂದಾಯಿತು, ಅವನು ಯಾವ ತಾಲೂಕಿನವನೆಂಬಲ್ಲಿಗೆ ಜಿನೀವಾ ಹಿಂದೆ ಬಿತ್ತು. ಬೆಳ್ತಂಗಡಿಯ ವಕೀಲ ಸಂಕಪ್ಪ ಶೆಟ್ಟರು ಕನ್ನಡಕ ಒರೆಸುತ್ತಾ ಶುರು ಮಾಡಿದರು: "ಮೂಡುಬಿದಿರೆ ನಿನ್ನೆ ಮೊನ್ನೆ ತಾಲೂಕಾದದ್ದಲ್ವಾ ಮಾರಾಯ್ರೆ? ಹಳೆ ತಾಲೂಕಿನ ಸಮಕ್ಕೆ ಕೂತುಕೊಳ್ಳುವ ಅವಸರ ಎಂತದು ನಿಮಗೆ?"

"ಬಸದಿಗೆ ಸಾವಿರ ಕಂಬ ನಿಲ್ಲಿಸಿದ ಊರು ಶೆಟ್ರೆ ನಮ್ಮದು. ಒಂದು ಕುರ್ಚಿ ಇಡ್ಲಿಕ್ಕೆ ನಿಮ್ಮ ಅಪ್ಪಣೆ ಬೇಕಾ?" ಎಂದೆ ನಾನು. ಇದನ್ನು ಅಂದದ್ದು ಖಚಿತ. ಬಸ್ಸಿನಲ್ಲಿ ಹಿಂತಿರುಗುವಾಗ ಈ ಮಾತನ್ನು ನಾನು ಮನಸ್ಸಿನಲ್ಲೇ ಅನೇಕ ಸಲ ಮೆಚ್ಚಿಕೊಂಡಿದ್ದೆ.

ಈ ಗದ್ದಲದ ನಡುವೆ ಬಾಗಿಲ ಕಡೆಯಿಂದ ಒಂದು ಹೆಣ್ಣು ದನಿ ಬಂತು. ಜುಬೈದಕ್ಕ ಬಂಟ್ವಾಳ ತಾಲೂಕಿನ ವಿಟ್ಲದವರು, ಅವರ ಮಗಳು ಮುಮ್ತಾಜ್ ಹಿಂದೆ ನನ್ನಲ್ಲಿ ಟ್ಯೂಷನ್ನಿಗೆ ಬಂದವಳು. ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಓದಿದವಳು. ಅವಳ ಗುರುತಿನಿಂದಲೇ ತಾಯಿ ನನ್ನನ್ನು ಹುಡುಕಿಕೊಂಡು, ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ನಮ್ಮ ಸಮಾನ ಅನಾನುಕೂಲದ ಊರಿಗೆ ಬಂದಿದ್ದರು. ಅವರ ಗಂಡ ಇಬ್ರಾಹಿಂ ಗಲ್ಫಿನಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಕರಾರು ಮುಗಿದಿದೆ, ಪಾಸ್‌ಪೋರ್ಟ್ ಮಾಲಿಕನ ಕಪಾಟಿನಲ್ಲಿದೆ. ಬದಲಿ ಜನ ಬರುವ ತನಕ ಕೊಡುವುದಿಲ್ಲ ಎನ್ನುತ್ತಾನೆ, ಬದಲಿ ಜನ ಬರುವುದಿಲ್ಲ. ಇತ್ತ ಮುಮ್ತಾಜಳ ನಿಕಾಹ್ ರಂಜಾನ್ ಕಳೆದ ಮೇಲೆ ಎಂದು ಗೊತ್ತಾಗಿದೆ. ತಂದೆ ಬರಬೇಕು. ಅಷ್ಟೇ.

"ಮಾಷ್ಟ್ರೆ, ನೀವು ಹೇಳುವ ಆ ಸಮಿತಿ ಉಂಟಲ್ಲ, ಗಲ್ಫಿಗೆ ಹೋದವರದ್ದು ನೋಡುವ ಸಮಿತಿಯೂ ಅದರಲ್ಲಿ ಉಂಟಾ?"

ಉಂಟು, ವಲಸೆ ಕಾರ್ಮಿಕರಿಗೆಂದೇ ಒಂದಿದೆ ಎಂದೆ.

"ಅದರಲ್ಲಿ ನಮ್ಮ ಕಡೆಯವರು ಯಾರುಂಟು?"

"ಯಾರು, ಬಂಟ್ವಾಳದವರಾ?" ಎಂದರು ಶೆಟ್ಟರು, ನಗಿಸುವ ಹುಮ್ಮಸ್ಸಿನಲ್ಲಿ.

"ಬಂಟ್ವಾಳದವರೇ ಆಗ್ಬೇಕು ಅಂತ ಇಲ್ಲ ಶೆಟ್ರೆ. ಇವರ ಪಾಸ್‌ಪೋರ್ಟ್ ಹಿಡಿದುಕೊಂಡವನನ್ನು ಯಾಕೆ ಅಂತ ಕೇಳುವವ ಒಬ್ಬ ಇದ್ರೆ ಸಾಕು. ಬೆಳ್ತಂಗಡಿಯವನಾದ್ರೂ ಅಡ್ಡಿಲ್ಲ."

ಎಲ್ಲರೂ ನಕ್ಕರು, ಶೆಟ್ಟರೂ ನಕ್ಕರು. ನಾನೇನು ಉತ್ತರ ಕೊಟ್ಟೆನೋ ಸರಿಯಾಗಿ ನೆನಪಿಲ್ಲ. 'ಇದ್ದಾರೆ' ಎಂದೆನೋ, 'ಇರಬೇಕು' ಎಂದೆನೋ. ಮೂರೂ ತಾಲೂಕುಗಳ ಹೆಸರನ್ನು ಅಕ್ಷರಾನುಕ್ರಮದಲ್ಲಿ ಬರೆಯುವುದೆಂದು ಮನವಿಯ ಜಗಳ ಮುಗಿಯಿತು. ಇಬ್ರಾಹಿಮರ ಪಾಸ್‌ಪೋರ್ಟನ್ನು ಸಭೆಯ ಕೊನೆಯ ಬಾಬ್ತಾದ 'ಇತರ ವಿಷಯಗಳು' ಎಂಬಲ್ಲಿ ಸೇರಿಸಿದೆವು. ಗೋಳಿಬಜೆ ಬಂತು, ಚಹಾ ಬಂತು, ಇತರ ವಿಷಯಗಳಿಗೆ ಮೊದಲು ಬೆಳ್ತಂಗಡಿಯ ಬಸ್ಸು ಬಂತು.

ಬಳಿಕ ನಾವು ಸುಮ್ಮನಿರಲಿಲ್ಲ ಎಂದು ಹೇಳಬೇಕು. ಶೆಟ್ಟರೇ ಇಬ್ರಾಹಿಮರ ವಿಷಯವಾಗಿ ಅಲ್ಲಿನ ಭಾರತೀಯ ದೂತಾವಾಸಕ್ಕೆ ಬರೆದರು, ಮತ್ತೆ ಬರೆದರು. ಮನವಿ ಸ್ವೀಕರಿಸಲಾಗಿದೆ ಎಂಬ ಒಂದೇ ಉತ್ತರ ಎರಡು ಸಲ ಬಂತು. ನನಗೆ ಸಿಟ್ಟು ಬರುವುದು ಇಲ್ಲೇ. ಹೊರದೇಶದ ಗೋದಾಮುಗಳಲ್ಲಿ ಮೂಟೆ ಹೊರುವ ಜನ ಯಾವ ಕಡೆಯವರು? ನಮ್ಮ ಕಡೆಯವರು. ಅಡುಗೆ ಮಾಡುವವರು, ಗಾಡಿ ಓಡಿಸುವವರು, ಕಟ್ಟಡದ ಹೊರಗೆ ಹಗ್ಗದಲ್ಲಿ ನೇತಾಡಿ ಗಾಜು ಒರೆಸುವವರು ಯಾರು? ಭೌಗೋಳಿಕ ಸಮತೋಲ ಅಲ್ಲಿ ಯಾರಿಗೂ ನೆನಪಾಗುವುದಿಲ್ಲ, ನಮಗೆ ಸಿಕ್ಕ ಪಾಲನ್ನು ಕಡಿಮೆ ಮಾಡಬೇಕೆಂದು ಯಾರೂ ಮನವಿ ಬರೆಯುವುದಿಲ್ಲ. ವಿಚಾರಣೆ ಮಾಡುವ ಮೇಜಿನ ಹತ್ತಿರ ಬಂದಾಗ ಮಾತ್ರ ತೂಕದ ಕಲ್ಲು ಬದಲಾಗುತ್ತದೆ. ಮೇಜಿನ ಸುತ್ತ ನಮ್ಮ ಭಾಗದಿಂದ ಒಬ್ಬರು ಕುಳಿತರು ಎನ್ನಿ; ನನ್ನೊಳಗಿನ ಸಂಶಯಪಿಶಾಚಿ ಆಗಲೂ ಸುಮ್ಮನಿರುವುದಿಲ್ಲ. ಅವರನ್ನು ಕಳುಹಿಸಿದವರು ಯಾರು? ಸರಕಾರ. ಅವರು ಇಬ್ರಾಹಿಮರಂಥವರ ಕೋಣೆಯನ್ನು ನೋಡಿದ್ದಾರೆಯೇ? ದೇಶದ ಪರವಾಗಿ ಮಾತಾಡಬೇಡಿ, ಸ್ವತಂತ್ರವಾಗಿರಿ ಎಂದು ಆ ಸಮಿತಿಗಳ ನಿಯಮವೇ ಹೇಳುತ್ತದೆ, ಒಳ್ಳೆಯ ನಿಯಮ. ಹಾಗಾದರೆ ಯಾರ ಪರವಾಗಿ ಮಾತಾಡುತ್ತಾರೆಂದು ನಾನು ಕೇಳಿದರೆ ಜಿನೀವಾದವರೂ ಕನ್ನಡಕ ಒರೆಸಬಹುದು.

ಇಬ್ರಾಹಿಂ ಬರಲಿಲ್ಲ. ನಿಕಾಹ್ ವಿಟ್ಲದ ಒಂದು ಮದುವೆ ಹಾಲ್‌ನಲ್ಲಿ ನಡೆಯಿತು, ನನ್ನನ್ನೂ ಕರೆದಿದ್ದರು. ಮಗಳನ್ನು ಧಾರೆ ಎರೆಯುವುದು ನಮ್ಮಲ್ಲಿ ಹೇಗೋ, ಅವರಲ್ಲಿ ನಿಕಾಹ್ ಮಾಡಿಕೊಡುವ ಅಧಿಕಾರ ತಂದೆಯದು. ತಂದೆ ಬರಲಾಗದಿದ್ದರೆ ತನ್ನ ಪರವಾಗಿ ಒಬ್ಬರನ್ನು ನೇಮಿಸಬೇಕು. ಇಬ್ರಾಹಿಮರ ಅಣ್ಣ ಹಮೀದ್ ಬಿಳಿ ಅಂಗಿ ತೊಟ್ಟು ಸಿದ್ಧರಾಗಿ ಕುಳಿತಿದ್ದರು. ನಿಕಾಹ್ ನಡೆಸುವ ಉಸ್ತಾದರು ಮಾತ್ರ ಮುಂದುವರಿಯಲಿಲ್ಲ. ಇಬ್ರಾಹಿಮರಿಗೆ ಫೋನ್ ಹಚ್ಚಿದರು, ಲೈನ್ ಸಿಕ್ಕಿತು, ತುಂಡಾಯಿತು, ಮತ್ತೆ ಹಚ್ಚಿದರು. ಹೊರಗೆ ಬಿರಿಯಾನಿಯ ಮುಚ್ಚಳ ತೆರೆದ ಪರಿಮಳ ಹಾಲ್‌ನೊಳಗೆ ಬಂದು ಕುಳಿತವರ ಧರ್ಮಶ್ರದ್ಧೆಯನ್ನು ಪರೀಕ್ಷಿಸುತ್ತಿತ್ತು.

"ನಮಗೆಲ್ಲ ಗೊತ್ತುಂಟಲ್ಲ ಉಸ್ತಾದರೆ. ಹಮೀದಾಕನೇ ಮಾಡಿಕೊಡ್ಲಿ ಅಂತ ಇಬ್ರಾಹಿಮನೇ ನಿನ್ನೆ ಹೇಳಿದ್ದು," ಎಂದರು ಯಾರೋ ಹಿರಿಯರು.

"ನಿಮಗೆ ಗೊತ್ತುಂಟು. ನನಗೆ ಅವನು ಹೇಳ್ಬೇಕು," ಎಂದರು ಉಸ್ತಾದರು. ಮದುಮಗ ಕಾದ, ಮದುಮಗನ ಕಡೆಯವರು ಕಾದರು, ಹಾಲ್‌ನ ಸಮಯ ಮುಗಿಯುತ್ತಿದೆಯೆಂದು ಮ್ಯಾನೇಜರ್ ಬಾಗಿಲಲ್ಲಿ ಇಣುಕಿ ಕಾದ. ಕೊನೆಗೆ ಫೋನಿನಿಂದ ಇಬ್ರಾಹಿಮರ ದನಿ ಬಂತು. ಬ್ಯಾರಿ ಭಾಷೆ ನನಗೆ ಅರ್ಧ ಅರ್ಥವಾಗುತ್ತದೆ. ಮಗಳ ಹೆಸರು, ಅಣ್ಣನ ಹೆಸರು, ಒಪ್ಪಿಗೆ ಎಂಬಷ್ಟು ತಿಳಿಯಿತು. ಕೊನೆಯ ಶಬ್ದವನ್ನು ಅವರು ಎರಡು ಸಲ ಹೇಳಿದರು ಎಂದು ನನ್ನ ನೆನಪು. ಲೈನಿನ ಪ್ರತಿಧ್ವನಿಯೂ ಇರಬಹುದು.

ಪ್ರಾತಿನಿಧ್ಯದ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಇಲ್ಲದ್ದು ಆ ಹಾಲ್‌ನಲ್ಲಿತ್ತು. ಒಬ್ಬನ ಪರವಾಗಿ ನಿಲ್ಲುವ ಮೊದಲು ಅವನ ದನಿ ಕೇಳಬೇಕು. ಲೈನ್ ತುಂಡಾದರೆ ಇನ್ನೊಮ್ಮೆ ಹಚ್ಚಬೇಕು. ಅಷ್ಟರ ತನಕ ಎಲ್ಲರೂ ಹಸಿದು ಕೂರಬೇಕು. ನಾವು ಪುಂಜಾಲಕಟ್ಟೆಯಲ್ಲಿ ಮೂರು ತಾಲೂಕಿಗೆ ಸಮನಾಗಿ ಕುರ್ಚಿ ಹಂಚಿದೆವು. ಹಂಚಲೇಬೇಕು, ಆ ಹಟವನ್ನು ನಾನು ಬಿಡುವವನಲ್ಲ, ಜಿನೀವಾದಲ್ಲಂತೂ ಬಿಡಲೇಬಾರದು. ಆದರೆ ಫೋನ್ ಹಚ್ಚುವ ಕೆಲಸ ಕುರ್ಚಿ ಹಂಚಿದ ಮೇಲೂ ಉಳಿಯುತ್ತದೆ.

ಊಟದ ಬಳಿಕ ಜುಬೈದಕ್ಕ ಸಿಕ್ಕಾಗ ನನ್ನ ಹಳೆಯ ಸಂಶಯವನ್ನು ಕೇಳಿಯೇಬಿಟ್ಟೆ. ಆ ದಿನ ತನ್ನ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟೆನೆಂದು ಶೆಟ್ಟರು ಊರೆಲ್ಲ ಹೇಳುತ್ತಾರೆ, ನನಗೆ ನಂಬಿಕೆಯಿಲ್ಲ.

"ಕೂತಿದ್ದೆನಾ ನಿಂತಿದ್ದೆನಾ, ಯಾರಿಗೆ ನೆನಪುಂಟು ಮಾಷ್ಟ್ರೆ," ಎಂದರು ಅವರು. "ನೀವು ಹೇಳಿದ್ದು ನೆನಪುಂಟು. ಆ ಸಮಿತಿಯಲ್ಲಿ ನಮ್ಮವರು ಇರ್ಬೇಕು ಅಂತ ಹೇಳಿದ್ರಿ. ಇದ್ದಾರಾ?"

ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ನೋಡಿದೆ. ನನ್ನನ್ನು ನಾನು ನಂಬದೆ ಮರುದಿನ ಇನ್ನೊಂದು ಕಡೆಯೂ ನೋಡಿದೆ. ಕುರ್ಚಿ, ಕೊಡೆ, ಎರಡು ಸಲ ಕೇಳಿಸಿದ ಒಪ್ಪಿಗೆ, ಇವೆಲ್ಲ ನನ್ನ ನೆನಪಿನ ಪಾಲಿಗಿರಲಿ, ಇದೊಂದು ಪಕ್ಕಾ. ವಲಸೆ ಕಾರ್ಮಿಕರ ಆ ಸಮಿತಿಗೆ ಹೆಸರು ಸೂಚಿಸಲು, ಮತ ಹಾಕಲು, ಆ ಒಪ್ಪಂದವನ್ನು ಒಪ್ಪಿಕೊಂಡ ದೇಶಗಳಿಗೆ ಮಾತ್ರ ಅವಕಾಶ. ಇಬ್ರಾಹಿಮರನ್ನು ಹಿಡಿದಿಟ್ಟುಕೊಂಡ ಗಲ್ಫ್ ದೇಶ ಅದನ್ನು ಒಪ್ಪಿಕೊಂಡಿಲ್ಲ, ಅವರನ್ನು ಕಳುಹಿಸಿಕೊಟ್ಟ ನಮ್ಮ ದೇಶವೂ ಒಪ್ಪಿಕೊಂಡಿಲ್ಲ.