ಮಗಳ ಹಾಡುಗಳಿಗೆ ಹೆದರಿ

ನಾನು ಪುಕ್ಕಲ ಮನುಷ್ಯ. ತರಗತಿಯಲ್ಲಿ ಭಯಾನಕ ರಸದ ಪಾಠ ಮಾಡುವಾಗ ಮಾತ್ರ ಬಲು ಧೈರ್ಯವಂತ. ಭಯವೂ ಒಂದು ರಸ, ಸಹೃದಯನಾದವನು ಅದನ್ನೂ ಸವಿಯುತ್ತಾನೆ ಎಂದು ಸವಳಂಗದ ಹೈಸ್ಕೂಲಿನಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಅದನ್ನು ಹೇಗೆ ಸವಿಯುತ್ತಾರೆಂದು ಈಚಿನವರೆಗೂ ನನಗೇ ಗೊತ್ತಿರಲಿಲ್ಲ.

ಮಗಳು ರಮ್ಯಾ ಜಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ರಜೆಗೆಂದು ಹೊನ್ನಾಳಿಗೆ ಬಂದವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಹಡಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಊಟಕ್ಕೆ ಕರೆಯಲು ಹೋದರೆ ಕೆನ್ನೆ ಒದ್ದೆ. ಏನೂ ಇಲ್ಲ, ಹಾಡು ಕೇಳುತ್ತಿದ್ದೆ ಎಂದಳು. ಯಾವುದೋ ಚಳಿದೇಶದ ರಾಕ್ ತಂಡದ ಆಲ್ಬಮ್ಮಂತೆ. ನನಗೂ ಕಳಿಸು ಎಂದೆ. ಅಪ್ಪನ ಅಭಿರುಚಿ ಸುಧಾರಿಸಿತೆಂದುಕೊಂಡಳೋ ಏನೋ, ಕಳಿಸಿದಳು. ನನ್ನ ಉದ್ದೇಶ ಬರೀ ಪತ್ತೇದಾರಿಕೆ.

ಅವಳು ಹೋದ ಮರುದಿನ ಸ್ಕೂಲಿಗೆಂದು ನ್ಯಾಮತಿ ಮೇಲೆ ಹೋಗುವ ಬಸ್ಸಿನಲ್ಲಿ ಕೇಳತೊಡಗಿದೆ. ರಾಕ್ ಎಂದರೆ ಬಡಿಯುವುದು, ಕಿರುಚುವುದು ಎಂದುಕೊಂಡಿದ್ದವನಿಗೆ ಮೊದಲು ಕೇಳಿಸಿದ್ದು ಗಾಳಿ. ಬಹಳ ಹೊತ್ತಿನ ಮೇಲೆ ಗಿಟಾರಿನ ಒಂದೇ ತಂತಿ. ಆಮೇಲೆ, ಬಾಗಿಲು ಹಾಕಿಕೊಂಡು ಒಳಗೆಲ್ಲೋ ಹಾಡುತ್ತಿರುವಂಥ ಒಂದು ಹೆಣ್ಣುದನಿ. ಭಾಷೆ ತಿಳಿಯದು. ಆದರೆ ಆಕೆ ಯಾರನ್ನೋ ಕಳಿಸಿಕೊಡುತ್ತಿದ್ದಾಳೆಂದು ತಿಳಿಯಲು ನಿಘಂಟು ಬೇಕಿರಲಿಲ್ಲ. ಕಿಟಕಿಯಾಚೆ ಬೆಳಗಿನ ಬಿಸಿಲು, ಮೆಕ್ಕೆಜೋಳದ ಹೊಲಗಳು. ಎಲ್ಲ ಇದ್ದಂತೆಯೇ ಇದ್ದರೂ ಅಲ್ಲಿಂದ ಯಾರೋ ಈಗಷ್ಟೇ ಎದ್ದುಹೋದಂತೆ ಕಂಡಿತು. ಇದನ್ನು ದಿನವಿಡೀ ಕೇಳುವ ಹುಡುಗಿ ಮನಸ್ಸಿನಲ್ಲಿ ಏನು ಇಟ್ಟುಕೊಂಡಿರಬಹುದು?

ಬಸ್ಸಿಳಿದು ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಅದೇ. ರಜೆ ಹಾಕಿ, ಹೆಂಡತಿಗೂ ತಿಳಿಸದೆ, ದಾವಣಗೆರೆಗೆ ಹೋಗಿ ಅಲ್ಲಿಂದ ಜಗಳೂರಿನ ಬಸ್ಸು ಹತ್ತಿದೆ. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದರೆ ಬಾಯಿ ಒಣಗಿ ಊರಿನ ಹೆಸರೇ ಹೊರಡಲಿಲ್ಲ.

ಆಸ್ಪತ್ರೆ ತಲುಪಿ ಹೇಳಿಕಳಿಸಿದ ಮೇಲೆ ರಮ್ಯಾ ಹೆರಿಗೆ ವಾರ್ಡಿನಿಂದ ಬಂದಳು. ನನ್ನನ್ನು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಅಪ್ಪಾ, ಅಮ್ಮಂಗೆ ಏನಾತು?"

ಅಮ್ಮ ಚೆನ್ನಾಗಿದ್ದಾಳೆಂದು ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ಡ್ಯೂಟಿಯಲ್ಲಿ ಅವಳು ಫೋನ್ ಆಫ್ ಮಾಡಿಡುತ್ತಾಳಂತೆ. ಕ್ಯಾಂಟೀನಿನಲ್ಲಿ ಕೂತು ಬಂದ ಕಾರಣ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಈಚೆಗೆ ಒಬ್ಬ ಬಾಣಂತಿ ಅವಳ ಕೈ ಹಿಡಿದುಕೊಂಡೇ ಹೋಗಿಬಿಟ್ಟಳಂತೆ. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರೂ ಉಳಿಯಲಿಲ್ಲ. ಪಕ್ಕದ ಮಂಚದಲ್ಲಿ ಇನ್ನೊಬ್ಬಳಿಗೆ ನೋವು ಶುರುವಾಗಿತ್ತು. ಇವಳು ಮುಖ ಒರೆಸಿಕೊಂಡು ಅಲ್ಲಿಗೆ ಹೋಗಬೇಕಾಯಿತು.

"ವಾರ್ಡಲ್ಲಿ ನಾನು ಹೆದರಂಗಿಲ್ಲಪ್ಪ," ಎಂದಳು. "ನನ್ನ ಮುಖ ನೋಡ್ಕಂಡೇ ಅವರು ಧೈರ್ಯ ತಗಳ್ಳಾದು. ಆ ಹಾಡು ಹಾಕ್ಕಂಡಾಗ ನಂಗೂ ಹೆದರಾಕೆ ಒಂದಿಷ್ಟು ಜಾಗ ಸಿಗ್ತೈತೆ. ಮುಗಿದ ಮೇಲೆ ಎದ್ದು ಕೆಲಸಕ್ಕೆ ಹೋಗ್ತೀನಿ."

ಅವಳೇ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟು, ಇನ್ನೊಂದನ್ನು ತಾನಿಟ್ಟುಕೊಂಡಳು. ಮತ್ತೆ ಆ ಗಾಳಿ, ಆ ತಂತಿ, ಬಾಗಿಲಾಚೆಯ ಆ ದನಿ. ರಮ್ಯಾ ಅಭ್ಯಾಸಬಲದಿಂದ ನನ್ನ ಮಣಿಕಟ್ಟು ಹಿಡಿದಳು.

"ನಾಡಿ ಜೋರಾಗೈತಲ್ಲಪ್ಪ. ಇರಲಿ ಬಿಡು, ನಾನಿದೀನಿ."

ನಾನು ಕಣ್ಣು ಮುಚ್ಚಿ, ಹಾಡು ಮುಗಿಯುವತನಕ ಧಾರಾಳವಾಗಿ ಹೆದರಿದೆ.