ಸಣ್ಣ ಚಿತ್ರದಲ್ಲಿ ಇಲ್ಲದ ಗೆರೆ

ಮೊನ್ನೆ ಹರಿಹರದ ಬಸ್ ನಿಲ್ದಾಣದ ಎದುರು ಕಬ್ಬಿನ ಹಾಲಿನ ಗಾಡಿಯ ಬೆಲ್ಟು ಜಾರಿ, ಸುಟ್ಟ ರಬ್ಬರಿನ ವಾಸನೆ ಎದ್ದಿತು. ಗಾಡಿಯವನು ನಗುತ್ತಲೇ ಮೋಟಾರು ಆರಿಸಿದ. ನಾನು ಮಾತ್ರ ಅವನ ಕೈಬೆರಳುಗಳನ್ನೇ ಎಣಿಸುತ್ತ ನಿಂತಿದ್ದೆ. ಅರ್ಧ ಕುಡಿದ ಲೋಟ ಅಲ್ಲೇ ಇಟ್ಟು ಬಂದೆ. ಆ ವಾಸನೆ ಬಂದರೆ ಈಗಲೂ ನನಗೆ ಕಾಣುವುದು ಭಾನುವಳ್ಳಿ ಹತ್ತಿರದ ಒಂದು ಅಕ್ಕಿ ಗಿರಣಿ, ಮತ್ತು ನಮ್ಮ ಡ್ರಾಯಿಂಗ್ ಮೇಷ್ಟ್ರು...

ಅವರು ಶಾಲೆಯ ಮೇಷ್ಟ್ರಲ್ಲ. ಹರಿಹರದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆದು ನಿವೃತ್ತರಾದವರು. ಆಮೇಲೆ ದಾವಣಗೆರೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿಗೆ ಬರತೊಡಗಿದ್ದರು. ನಮ್ಮದು ಗಿರಣಿಗಳಿಗೆ ಯಂತ್ರ ಮಾಡಿಕೊಡುವ ವರ್ಕ್‌ಶಾಪು. ಯಂತ್ರವನ್ನು ಬಿಚ್ಚಿ ಜೋಡಿಸುವ ಬಗೆ ತೋರಿಸುವ ಚಿತ್ರಗಳನ್ನು ವೆಬ್‌ಸೈಟಿಗೆ ಹಾಕುವುದು ನನ್ನ ಕೆಲಸ. ಮೇಷ್ಟ್ರು ಕಾಗದದಲ್ಲಿ ಬರೆದದ್ದನ್ನು ನಾನು ಕಂಪ್ಯೂಟರಿನಲ್ಲಿ ಗೆರೆಚಿತ್ರವಾಗಿಸಿ, ಅದನ್ನೇ ನಾಲ್ಕು ಅಳತೆಯಲ್ಲಿ ತೆಗೆಯುತ್ತಿದ್ದೆ. ದೊಡ್ಡ ಪರದೆಗೊಂದು, ಲ್ಯಾಪ್‌ಟಾಪಿಗೊಂದು, ಟ್ಯಾಬಿಗೊಂದು, ಮೊಬೈಲಿಗೊಂದು. ನೋಡುವವರ ಪರದೆಗೆ ಯಾವುದು ಹೊಂದುತ್ತದೋ ಅದೇ ಅವರಿಗೆ ಕಾಣುತ್ತಿತ್ತು.

ಎಕ್ಸ್‌ಪೋರ್ಟ್ ಒತ್ತಿದರೆ ನಾಲ್ಕೂ ಒಟ್ಟಿಗೆ ಬರುತ್ತಿದ್ದವು. ಮೇಷ್ಟ್ರಿಗೆ ಇದೊಂದು ಒಗ್ಗಲಿಲ್ಲ. "ಚಿತ್ರ ಸಣ್ಣದಾಗ್ಲಿ, ಗೆರೆ ಯಾಕ ಸಣ್ಣಗಾಗಬೇಕವ್ವಾ?" ಎನ್ನುತ್ತಿದ್ದರು. ಅವರು ಕಲಿತ ಪದ್ಧತಿಯಲ್ಲಿ ನಕ್ಷೆಯನ್ನು ಕಾಲು ಭಾಗಕ್ಕೆ ಇಳಿಸಿದರೂ ಗೆರೆಯ ದಪ್ಪ ಇಳಿಯುವಂತಿರಲಿಲ್ಲ. ಹಾಗಾಗಿ ಮೊಬೈಲಿನ ಚಿತ್ರದ ಗೆರೆಗಳನ್ನು ಎಷ್ಟು ದಪ್ಪ ಮಾಡಬೇಕೆಂದು ಅವರೇ ಗುರುತು ಹಾಕಿಕೊಡುತ್ತಿದ್ದರು. ನಾನು ಹಾಗೆ ತಿದ್ದಿ, ಫೋನನ್ನು ಹೊರಗೆ ಬಿಸಿಲಿಗೆ ಹಿಡಿದು ನೋಡಬೇಕಿತ್ತು. ಬೇಸತ್ತು ನಾನೊಮ್ಮೆ, "ಗಿರಣಿಯೋರು ಇದನ್ನೇನು ಫ್ರೇಮ್ ಹಾಕ್ಸಿ ದೇವರ ಜಗಲಿ ಮ್ಯಾಲೆ ಇಡ್ತಾರೇನ್ ಸರ್?" ಎಂದೆ. "ಇಟ್ರೂ ಇಟ್ಟಾರು, ಬರ್ದೋನು ಯಾರು!" ಎಂದು ಮೀಸೆ ತಿರುವಿದರು.

ಒಂದು ಶನಿವಾರ ತೆಗೆದದ್ದು ಭಾನುವಳ್ಳಿ ಹತ್ತಿರದ ಆ ಗಿರಣಿಯ, ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರಿನ ಚಿತ್ರ. ಅಲ್ಲಿ ಎರಡು ಸ್ವಿಚ್ಚು. ಎದುರಿನದು ಗಿರಣಿಯದು, ಗೋಡೆಯ ಹಿಂದಿನದು ಎಲಿವೇಟರಿನದು. ಎಲಿವೇಟರು ನಡುನಡುವೆ ತಾನೇ ನಿಂತು ತಾನೇ ಓಡುವಂಥದ್ದು. ನಿಂತಿದೆಯೆಂದು ಕೈ ಹಾಕುವಂತಿಲ್ಲ, ಎರಡನ್ನೂ ಆರಿಸಬೇಕು. ಗೋಡೆಯ ಹಿಂದಿನ ಸ್ವಿಚ್ಚನ್ನು ತೋರಿಸುತ್ತಿದ್ದುದು ಒಂದು ಕೆಂಪು ಗೆರೆ.

ನನಗೆ ಹರಿಹರದ ಬಸ್ಸಿನ ಹೊತ್ತಾಗಿತ್ತು. ಮೇಷ್ಟ್ರ ಗುರುತಿನಂತೆ ಗೆರೆಯನ್ನು ದಪ್ಪ ಮಾಡಲಿಲ್ಲ, ಸಣ್ಣ ಚಿತ್ರವನ್ನು ತೆರೆಯಲೂ ಇಲ್ಲ. ಮೇಷ್ಟ್ರು ಚಪ್ಪಲಿ ಮೆಟ್ಟುತ್ತ, "ಸಣ್ಣದು ನೋಡಿದ್ಯೇನವ್ವಾ?" ಎಂದರು.

"ಹೂಂ ಸರ್. ಎಲ್ಲಾ ಕಾಣತೈತೆ."

ಎರಡು ವಾರದ ಮೇಲೆ, ಬೇರೊಂದು ಯಂತ್ರದ ಅಳತೆಗೆಂದು ನಾವಿಬ್ಬರೂ ಆ ಗಿರಣಿಗೆ ಹೋಗಿದ್ದೆವು. ಅಲ್ಲಿನ ಫಿಟ್ಟರು ಫೋನಿನಲ್ಲಿ ನಮ್ಮದೇ ಚಿತ್ರ ನೋಡಿಕೊಂಡು ಎಲಿವೇಟರಿನ ಬೆಲ್ಟು ಬಿಗಿ ಮಾಡಲು ಕೂತಿದ್ದ. "ಭಾಳ ಚಲೋ ಮಾಡೀರಿ ಮೇಡಂ, ಇನ್ನ ಯಾರ ಕಾಲೂ ಹಿಡಿಯಂಗಿಲ್ಲ" ಎಂದ. ನನಗೆ ಹೆಮ್ಮೆಯೇ ಆಯಿತು. ಅವನು ಎದುರಿನ ಸ್ವಿಚ್ಚು ಆರಿಸಿದ. ಬೆಲ್ಟು ನಿಂತೇ ಇತ್ತು. ಮುಚ್ಚಳ ತೆಗೆದು ಕೈ ಒಳಗೆ ಹಾಕಿದ. ನಾನು ನೋಡುತ್ತಲೇ ಇದ್ದೆ...

ಮೊದಲು ಕೇಳಿದ್ದು ಗೋಡೆಯ ಹಿಂದಿನ ಟಕ್ ಎಂಬ ಸದ್ದು. ಅಲ್ಲ, ಮೊದಲು ಮೇಷ್ಟ್ರು ಕೂಗಿದರು. ಎಷ್ಟು ಸಲ ನೆನೆದರೂ ಯಾವುದು ಮೊದಲೆಂದು ತಿಳಿಯುವುದಿಲ್ಲ. ಅವರು ಫಿಟ್ಟರನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದರು, ಇಬ್ಬರೂ ತೌಡಿನ ಮೇಲೆ ಬಿದ್ದರು. ಓಡತೊಡಗಿದ ಬೆಲ್ಟಿಗೆ ಸಿಕ್ಕು ಅವನ ಹೆಗಲ ಟವೆಲ್ಲು ಒಳಗೆ ಹೋಯಿತು. ಬೆಲ್ಟು ಅದರ ಮೇಲೆ ಜಾರುತ್ತ, ಕಿರುಚುತ್ತ ಹೊಗೆಯಾಡಿತು. ಫಿಟ್ಟರು ಕೂತಲ್ಲೇ ಬೆರಳುಗಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡಿಕೊಂಡ. ಎಲ್ಲವೂ ಇದ್ದವು.

ಮೇಷ್ಟ್ರು ಅವನ ಫೋನು ತೆಗೆದುಕೊಂಡು ಬಿಸಿಲಿಗೆ ಹೋದರು. ಪರದೆಯಲ್ಲಿ ಆ ಗೆರೆ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಕೇಳಿದರು: "ನೀನು ನೋಡ್ದಾಗ ಕಂಡಿತ್ತಲ್ಲವ್ವಾ?"

ಆಗಲಾದರೂ ಹೇಳಬಹುದಿತ್ತು. "ಕಂಡಿತ್ತು ಸರ್" ಎಂದೆ.

"ಹಂಗಾದ್ರೆ ತಪ್ಪು ನಂದೇ. ನಿನ್ನವು ಎಳೇ ಕಣ್ಣು, ಕಂಡೈತೆ. ಮಂದಿಗೆ ಕಾಣಾಕೆ ಎಷ್ಟು ದಪ್ಪ ಬೇಕಂತ ನನಗೇ ತಿಳೀಲಿಲ್ಲ. ಇನ್ನ ಈ ಕಣ್ಣು ನಂಬೋದು ಬ್ಯಾಡ."

ಮರುದಿನ ಮಾಲೀಕರ ಮುಂದೆಯೂ ಅದನ್ನೇ ಹೇಳಿ ಕೆಲಸ ಬಿಟ್ಟರು. ಮಾಲೀಕರು, "ಕೂಡ್ರಿ ಮೇಷ್ಟ್ರೇ, ಯಾರಿಗೂ ಏನೂ ಆಗಿಲ್ಲಲ್ರಿ" ಎಂದು ತಡೆದರೂ ನಿಲ್ಲಲಿಲ್ಲ. ನಾನು ನನ್ನ ಮೇಜಿನಲ್ಲೇ ಇದ್ದೆ. ಆ ವಾರವೆಲ್ಲ ಕೂತು ಪ್ರತಿ ಚಿತ್ರದ ಗೆರೆಗಳನ್ನೂ ಒಂದೊಂದಾಗಿ ದಪ್ಪ ಮಾಡಿದೆ.

ಈ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ದಾವಣಗೆರೆಯ ಆನೆಕೊಂಡದ ಅವರ ಮನೆಗೆ ಹೋದೆ, ಎಲ್ಲ ಹೇಳಿಬಿಡಬೇಕೆಂದೇ ಹೋದೆ. ಅವರ ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತರು.

"ಕಣ್ಣು ಹೋದ್ವು ಅಂತ ಅವತ್ತಿಂದ ಪೆನ್ಸಿಲ್ ಮುಟ್ಲಿಲ್ಲವ್ವಾ. ಹೋಗಿದ್ವೋ ಏನೋ, ನನಗಂತೂ ತಿಳೀಲಿಲ್ಲ. ಕೊನಿತನಕ ನನ್ನ ಸೂಜಿಗೆ ದಾರ ಅವ್ರೇ ಪೋಣಿಸಿ ಕೊಡ್ತಿದ್ರು. ಕೆಲಸದಾಗ ಏನಾಗಿತ್ತು? ನಿನಗೇನಾರ ಗೊತ್ತೈತೇನು?"

ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದೆ. ಚಹಾ ಕುಡಿದು ಎದ್ದು ಬಂದೆ.

ಈಗ ನಾನು ಬೇರೆ ಕಡೆ ಇದೇ ಕೆಲಸ ಮಾಡುತ್ತೇನೆ. ಪ್ರತಿ ಸಣ್ಣ ಚಿತ್ರವನ್ನೂ ಮೂರು ಮೂರು ಸಲ ತೆರೆದು ನೋಡುತ್ತೇನೆ, ಕಳಿಸಿದ ಮೇಲೂ ನೋಡುತ್ತೇನೆ. ಅದರಿಂದ ಯಾರಿಗೆ ಏನನ್ನು ಹಿಂದಿರುಗಿಸಿದಂತಾಯಿತು... ಆ ತಾಯಿಗೆ ಬಾಯಿಬಿಟ್ಟು ಹೇಳಲಾರದ್ದನ್ನು ಇಲ್ಲಿ ಬರೆದಿದ್ದೇನೆ. ಮೇಷ್ಟ್ರ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಚಿತ್ರವನ್ನು ನಾನು ನೋಡಿರಲಿಲ್ಲ.